ಪುಸ್ತಕಕ್ಕಿಂತ ಮೊದಲೇ ಘಟ್ಟ ಹತ್ತಿದ ಜಪಸರ

1953ರವರೆಗೂ ಶಿರಸಿ, ಯಲ್ಲಾಪುರದ ಕ್ಯಾಥೊಲಿಕರ ಬಿಷಪ್ಪರು ಇದ್ದದ್ದು ಗೋವೆಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವರ್ಷವಾಗಿತ್ತು, ಮೊದಲ ಸಾರ್ವತ್ರಿಕ ಚುನಾವಣೆಯೂ ಮುಗಿದಿತ್ತು. ಆದರೂ ಇಲ್ಲಿನ ಇಗರ್ಜಿಗಳು ಪೋರ್ಚುಗೀಸ್ ಬಾವುಟದ ಕೆಳಗಿದ್ದ ಗೋವಾ ಮಹಾಧರ್ಮಪ್ರಾಂತ್ಯಕ್ಕೇ ಸೇರಿದ್ದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿತು. 1976ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಅದರಿಂದ ಬೇರೆ ಮಾಡಿ ಕಾರವಾರ ಧರ್ಮಪ್ರಾಂತ್ಯ ಕಟ್ಟಿದರು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಕ್ರೈಸ್ತ ಭಕ್ತಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಅರ್ಧ ಉತ್ತರ ಈ ಆಡಳಿತದ ಲೆಕ್ಕದಲ್ಲೇ ಸಿಗುತ್ತದೆ.

ಉಳಿದರ್ಧ ಸೋಂದೆಯದ್ದು. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಸೋಂದೆಗೆ ಇವತ್ತು ಜನ ಹೋಗುವುದು ವಾದಿರಾಜರ ಮಠಕ್ಕೆ, ಸ್ವರ್ಣವಲ್ಲಿಗೆ, ಜೈನ ಮಠಕ್ಕೆ. ಒಂದು ಕಾಲಕ್ಕೆ ಅದು ರಾಜಧಾನಿ. ಅಲ್ಲಿನ ನಾಯಕರ ರಾಜ್ಯ ಗೋವೆಯ ಅಂಚಿನವರೆಗೂ ಚಾಚಿತ್ತು. 1763-64ರ ಹೊತ್ತಿಗೆ ಹೈದರಾಲಿಯ ಸೈನ್ಯ ಬಂದಾಗ ಸೋಂದೆಯ ಅರಸ ಓಡಿ ಆಶ್ರಯ ಪಡೆದದ್ದು ಪೋರ್ಚುಗೀಸರ ಗೋವೆಯಲ್ಲಿ. ತಮಾಷೆಯೆಂದರೆ, ಅದೇ ಗೋವೆಯಿಂದ ತಪ್ಪಿಸಿಕೊಂಡವರಿಗೆ ಆಶ್ರಯ ಕೊಟ್ಟದ್ದು ಇದೇ ಸೋಂದೆ ಸೀಮೆಯ ಕಾಡು. ಅರಸ ಇಳಿದ ಘಟ್ಟವನ್ನೇ ಗುಲಾಮರು ಹತ್ತಿದರು.

ಆಫ್ರಿಕದ ಪೂರ್ವ ಕರಾವಳಿಯಿಂದ, ಮುಖ್ಯವಾಗಿ ಮೊಜಾಂಬಿಕ್‌ನಿಂದ, ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ಹಲವರು ಕಾಡು ಸೇರಿದರು. ಅವರ ಮಕ್ಕಳು ಮರಿಮಕ್ಕಳೇ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿಯ ಸಿದ್ದಿಗಳು. ಕ್ರೈಸ್ತ ಸಿದ್ದಿಗಳು ಹೆಚ್ಚಾಗಿ ಹಳಿಯಾಳದ ಕಡೆ, ಯಲ್ಲಾಪುರ, ಅಂಕೋಲೆಯ ಸಿದ್ದಿಗಳಲ್ಲಿ ಹಿಂದೂಗಳೇ ಬಹಳ, ಮುಸ್ಲಿಮರೂ ಇದ್ದಾರೆ. ಧರ್ಮ ಮೂರಾದರೂ ನೆಂಟಸ್ತಿಕೆ ತುಂಡಾಗಿಲ್ಲ. ಮನೆಮಾತು ಕೊಂಕಣಿ, ಊರಮಾತು ಕನ್ನಡ. ಕೆಲಸ ಹಲವರಿಗೆ ಹವ್ಯಕರ ಅಡಿಕೆ ತೋಟಗಳಲ್ಲಿ.

ಇವರು ಘಟ್ಟ ಹತ್ತುವಾಗ ಕೈಯಲ್ಲಿ ಬೈಬಲ್ ಇತ್ತೆಂದು ಊಹಿಸಲಾಗದು. ಓದಲು ಕಲಿಸಿದವರು ಯಾರು? ಯಜಮಾನ ಕೊಟ್ಟ ಹೆಸರು, ಕಿವಿಗೆ ಬಿದ್ದ ಪ್ರಾರ್ಥನೆ, ಕೊರಳಲ್ಲಿ ಶಿಲುಬೆ, ಹೆಚ್ಚೆಂದರೆ ಇಷ್ಟೇ. ಕಾಡಿನ ಮನೆಗೆ ಪಾದ್ರಿಯೂ ಅಪರೂಪ. ಪುಸ್ತಕವಿಲ್ಲದ, ಪಾದ್ರಿಯಿಲ್ಲದ ಮನೆಯಲ್ಲಿ ಭಕ್ತಿಯನ್ನು ಉಳಿಸಿದ್ದು ಜಪಸರ ಎಂದೇ ನನ್ನ ಲೆಕ್ಕ. ಅದು ಹುಟ್ಟಿದ್ದೇ ಓದುಬಾರದವರಿಗಾಗಿ. ಮಧ್ಯಯುಗದ ಯುರೋಪಿನಲ್ಲಿ ಸನ್ಯಾಸಿಗಳು ದಾವೀದನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಅಕ್ಷರ ಬಾರದವರು ಅದಕ್ಕೆ ಬದಲಾಗಿ 150 ಬಾರಿ ಮರಿಯಮ್ಮನಿಗೆ ನಮಸ್ಕಾರ ಹೇಳುವ ರೂಢಿ ಬೆಳೆಯಿತು. ಹತ್ತು ಮಣಿಗೊಂದು ಕಟ್ಟು, ಐದು ಕಟ್ಟಿಗೊಂದು ಸುತ್ತು. ಅಜ್ಜಿ ಹೇಳುತ್ತಾಳೆ, ಮಿಕ್ಕವರು ಒಪ್ಪಿಸುತ್ತಾರೆ. ಕತ್ತಲಾದ ಮೇಲೆ ದೀಪ ಹಚ್ಚಿ ಕೂರಲು ಒಂದು ಜಗಲಿ ಇದ್ದರೆ ಸಾಕು.

ಆ ಪ್ರಾರ್ಥನೆ ಕೊಂಕಣಿಯಲ್ಲಿ ಉಳಿದದ್ದಕ್ಕೂ ಒಂದು ಕತೆಯಿದೆ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಇಲ್ಲಿನ ಮಾತನ್ನೇ ಕಲಿತು ಕ್ರಿಸ್ತನ ಕತೆಯನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ ಬರೆದ. ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಅವನ ಕೊಂಕಣಿ ಧರ್ಮಬೋಧೆ ಅವನು ತೀರಿಕೊಂಡ ಮೇಲೆ 1622ರಲ್ಲಿ ಹೊರಬಂತು. ಆಮೇಲೆ 1684ರಲ್ಲಿ ವೈಸರಾಯ್ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಎಂದು ಆಜ್ಞೆ ಹೊರಡಿಸಿದ. ಆಜ್ಞೆ ಅಡುಗೆಮನೆಯನ್ನು ಮುಟ್ಟಲಿಲ್ಲ, ಕಾಡನ್ನಂತೂ ಮುಟ್ಟಲೇ ಇಲ್ಲ.

ಅಕ್ಷರವಿಲ್ಲದ ಈ ಭಕ್ತಿಯ ಕುರುಹನ್ನು ಕಣ್ಣಾರೆ ನೋಡಬೇಕೆಂದರೆ ಸಿದ್ದಿ ಹೆಂಗಸರ ಕೌದಿ ನೋಡಬೇಕು. ಹಳೇ ಸೀರೆ, ಹರಿದ ಅಂಗಿಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹೊಲಿಯುತ್ತಾರೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ ಕಾಣಬಹುದು, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫುಲಾಂ’, ಅಂದರೆ ಹೂ, ಕೂರಿಸದೆ ಯಾವ ಕೌದಿಯೂ ಮುಗಿಯುವುದಿಲ್ಲ. ಹೂವಿಲ್ಲದ ಕೌದಿ ಅವರ ಪಾಲಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಲ್ ಇವನ್ನು ಅಧ್ಯಯನ ಮಾಡಿದರು, 2004ರಲ್ಲಿ ಹೆಂಗಸರ ಸಹಕಾರಿ ಗುಂಪೊಂದು ಕಟ್ಟಿಕೊಂಡಿತು, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನವೂ ಆಯಿತು. ಮಗು ಮಲಗುವ ಬಟ್ಟೆಯ ಮೇಲೆ ಶಿಲುಬೆ ಹೊಲಿದ ತಾಯಿಗೆ ಕಲೆಯ ಚಿಂತೆ ಇದ್ದಿರಲಾರದು.

ಬೈಬಲ್ ಬಂದ ದಾರಿಯೇ ಬೇರೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಅನುವಾದ ಶುರುಮಾಡಿ, 1830ರ ದಶಕದ ಆರಂಭಕ್ಕೆ ಪೂರ್ತಿ ಬೈಬಲ್ ಕೈಗಿತ್ತ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಇಳಿಯಿತು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗೂ ಹರಡಿತು. ಮಂಗಳೂರಿನ ಛಾಪಖಾನೆ 1841ರಲ್ಲಿ ಶುರುವಾಯಿತು. ಆ ಮಿಷನ್ನಿನವರಲ್ಲೊಬ್ಬ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲೇ ಯೇಸುವಿನ ಚರಿತೆಯನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲಿ ಕಟ್ಟಿದ. ಅವನದೇ 1894ರ ನಿಘಂಟಿನ ಭಾರಕ್ಕೆ ಈ ಪುಟ್ಟ ಪುಸ್ತಕ ನಮ್ಮ ನೆನಪಿನಿಂದ ಜಾರಿಬಿಟ್ಟಿದೆ.

ಬಾಸೆಲಿನವರು ಬೆಳೆದ ಪಿಯಟಿಸ್ಟ್ ಪಂಥದಲ್ಲಿ ದೇವರ ಚಿತ್ತವನ್ನು ದಿನದಿನವೂ ವಚನದಲ್ಲಿ ಹುಡುಕುವುದು ದೊಡ್ಡ ಸಂಗತಿ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಭಕ್ತರು ಚೀಟಿ ಎತ್ತಿ ದಿನಕ್ಕೊಂದು ವಚನ ಆರಿಸುತ್ತಿದ್ದರು. ಆ ಪುಸ್ತಕ 1731ರಿಂದ ವರ್ಷವರ್ಷವೂ ಅಚ್ಚಾಗುತ್ತಿದೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಕನ್ನಡ ಪ್ರಾಟೆಸ್ಟಂಟರು ಪಡೆಯುವ ವಾಗ್ದಾನ ವಚನದ ಚೀಟಿಗೂ ಇದೇ ಜಾತಿಯ ನಂಬಿಕೆ. ಮಲೆನಾಡಿನವರಿಗೆ ಇದೇನು ಹೊಸತಲ್ಲ. ಮಗಳ ಸಂಬಂಧ ಕೂಡಿಬಂದರೆ, ಬಾವಿ ತೋಡಬೇಕಾದರೆ, ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವವರು ನಾವು: ಹೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ. ಹೂ ಕೇಳುವುದನ್ನು ಮೂಢನಂಬಿಕೆ ಎನ್ನುತ್ತಿದ್ದ ಮಿಷನರಿಗೆ ತನ್ನೂರ ಚೀಟಿ ನೆನಪಾಗುತ್ತಿತ್ತೋ ಇಲ್ಲವೋ!

ಕ್ಯಾಥೊಲಿಕರ ಪೂಜೆ ಮಾತ್ರ ಆಗಲೂ ಲ್ಯಾಟಿನ್ನಿನಲ್ಲೇ. ಪಾದ್ರಿ ಹೇಳಿದ್ದು ಜನಕ್ಕೆ ತಿಳಿಯದು. ಅವರು ತಮ್ಮಷ್ಟಕ್ಕೆ ಜಪಸರ ತಿರುಗಿಸುತ್ತಿದ್ದರು. ಎರಡು ದಾರಿ ಕೂಡಿದ್ದು ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಸಭೆಯಿಂದ. 1963ರ ಡಿಸೆಂಬರ್‌ನಲ್ಲಿ ಪೂಜೆಗೆ ಜನರ ಭಾಷೆ ಬಳಸಲು ಒಪ್ಪಿಗೆ ಸಿಕ್ಕಿತು. 1965ರ ನವೆಂಬರ್‌ನಲ್ಲಿ ಬೈಬಲ್ ಎಲ್ಲ ಭಕ್ತರ ಕೈಗೂ ಎಟುಕಬೇಕು ಎಂದು ಅದೇ ಸಭೆ ಹೇಳಿತು. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಆಗ ಹನ್ನೆರಡು ವರ್ಷ. ಭಾನುವಾರದ ವಾಚನ ಕೊಂಕಣಿಯಲ್ಲೋ ಕನ್ನಡದಲ್ಲೋ ಕೇಳಿಸತೊಡಗಿದ್ದು, ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಹುಡುಗಿಯರು ಪೀಠದ ಬಳಿ ನಿಂತು ಓದತೊಡಗಿದ್ದು ಅದಾದ ಮೇಲೆ.

ಹರಕೆಯೂ ಪುಸ್ತಕವೂ ಇವತ್ತು ಜೊತೆಗೇ ಇವೆ. ಶಿರಸಿಯ ಇಗರ್ಜಿ ಸಂತ ಅಂತೋನಿಯದ್ದು. 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿದ ಈತ ಕಳೆದುಹೋದದ್ದನ್ನು ಹುಡುಕಿಕೊಡುವ ಸಂತನೆಂದು ಜಗತ್ತಿಗೆಲ್ಲ ಹೆಸರು. ಪೋರ್ಚುಗೀಸರ ಮನೆಯಿಂದ ತಪ್ಪಿಸಿಕೊಂಡವರ ಮಕ್ಕಳೂ ಪೋರ್ಚುಗೀಸ್ ನೆಲದ ಸಂತನನ್ನು ಬಿಟ್ಟುಕೊಟ್ಟಿಲ್ಲ. ಬೆಟ್ಟಕ್ಕೆ ಬಿಟ್ಟ ದನ ಸಂಜೆಗೆ ಬರದಿದ್ದರೆ ಮೇಣದ ಬತ್ತಿಯ ಹರಕೆ ಅಂತೋನಿಗೆ. ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬಂಥದ್ದಕ್ಕೆ ಬೈಬಲ್ ತೆರೆಯುವುದು, ಪ್ರಾರ್ಥನಾಕೂಟದಲ್ಲಿ ಕೇಳಿಕೊಳ್ಳುವುದು. ಅಂತೋನಿಗೆ ಹರಕೆ ಹೊರುವವರಲ್ಲಿ ಕ್ರೈಸ್ತರಲ್ಲದ ನೆರೆಹೊರೆಯವರೂ ಇದ್ದಾರೆ, ಅವರಿಗೆ ಬೇಕಾದ್ದು ದನ ಸಿಗುವುದಷ್ಟೇ.