ಉಗ್ರಾಣ ಚಿಕ್ಕದು, ಮೆನು ದೊಡ್ಡದು

ಮುಂಬಯಿಯಲ್ಲಿ ಹೋಟೆಲು ನಡೆಸುವವರಿಗೆ ಜಾಗದ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೀದಿಗೆ ಮುಖ ಮಾಡಿದ ಜಾಗವೆಲ್ಲ ಟೇಬಲು, ಗಲ್ಲಾ, ಜ್ಯೂಸ್ ಕೌಂಟರಿಗೆ ಹೋಗುತ್ತದೆ. ಉಳಿದುದರಲ್ಲಿ ಅಡುಗೆಮನೆ, ಅದರಲ್ಲೂ ಮಿಕ್ಕ ಮೂಲೆಯಲ್ಲಿ ಉಗ್ರಾಣ. ಹಳೆಯ ಕಟ್ಟಡದ ಹೋಟೆಲಾದರೆ ಅಟ್ಟವೇ ಉಗ್ರಾಣ. ಅದರ ಒಂದು ಬದಿಗೆ ಅಕ್ಕಿ ಗೋಣಿ, ಎಣ್ಣೆ ಡಬ್ಬ. ಇನ್ನೊಂದು ಬದಿಗೆ ಹುಡುಗರ ಹಾಸಿಗೆ, ಟ್ರಂಕು. ನಾಲ್ಕು ಗೋಣಿ ಹೆಚ್ಚು ಬಂದರೆ ಆ ರಾತ್ರಿ ಇಬ್ಬರು ಹುಡುಗರು ಕಾಲು ಮಡಚಿಕೊಂಡು ಮಲಗಬೇಕು. ಹೀಗಿದ್ದರೂ ಮೆನು ಕಾರ್ಡು ಮಾತ್ರ ಉದ್ದವಾಗುತ್ತಲೇ ಬಂದಿದೆ. ಇಡ್ಲಿ, ದೋಸೆಯ ಪಕ್ಕಕ್ಕೆ ಪಾವ್ ಭಾಜಿ ಬಂತು, ಪಂಜಾಬಿ ಬಂತು, ಚೈನೀಸ್ ಬಂತು. ಪ್ರತಿಯೊಂದೂ ತನ್ನ ಡಬ್ಬ, ಬಾಟಲಿಗಳನ್ನು ಜತೆಗೇ ತಂದಿತು.

ಹೆಚ್ಚಿನ ಕಡೆಗಳಲ್ಲಿ ಮೊದಲು ಮೆನು ನಿಶ್ಚಯಿಸಿ, ಆಮೇಲೆ ಸಾಮಾನಿಗೆ ಜಾಗ ಹುಡುಕುತ್ತಾರೆ. ಚಿಕ್ಕ ಅಡುಗೆಮನೆಯಲ್ಲಿ ಇದು ತಿರುಗಾಮುರುಗಾ ಆಗಬೇಕು. ಕಪಾಟು, ಫ್ರಿಜ್ಜು ಎಷ್ಟು ಹಿಡಿಯುತ್ತವೆ ಎಂದು ನೋಡಿ ಅಡುಗೆಯನ್ನು ನಿಶ್ಚಯಿಸಬೇಕು. ನಮ್ಮ ಹಿರಿಯರು ಬೋರ್ಡಿಂಗ್ ನಡೆಸಿದ್ದು ಹೀಗೆಯೇ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರಾದದ್ದು ಊಟಕ್ಕೆ, ಉದ್ದದ ಕಾರ್ಡಿಗಲ್ಲ. ಅನ್ನ, ಸಾರು, ಸಾಂಬಾರು, ಪಲ್ಯ ಎಂದು ಗೊತ್ತಿರುವ ಊಟವಾದರೆ ಎಷ್ಟು ಸಾಮಾನು ಬೇಕೆಂಬುದೂ ಗೊತ್ತಿರುತ್ತದೆ. ಕಾರ್ಡಿನ ಹೋಟೆಲಿನಲ್ಲಿ ಗಿರಾಕಿ ಯಾವಾಗ ಏನು ಕೇಳುತ್ತಾನೋ ಎಂಬ ಹೆದರಿಕೆಗೇ ಅರ್ಧ ಉಗ್ರಾಣ ತುಂಬಿರುತ್ತದೆ.

ಮೊದಲು ಜಾಗದ ಲೆಕ್ಕ ನೋಡೋಣ. ವ್ಯಾಪಾರಿಯು 30 ಕಿಲೋದ 20 ಗೋಣಿ ಅಕ್ಕಿ ಒಟ್ಟಿಗೆ ತೆಗೆದುಕೊಂಡರೆ ಕಿಲೋಗೆ 2 ರೂಪಾಯಿ ಕಡಿಮೆ ಮಾಡುತ್ತೇನೆ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಲಾಭ 1,200 ರೂಪಾಯಿ. ಐದೈದಾಗಿ ಪೇರಿಸಿದರೂ ಆ ಗೋಣಿಗಳು ಸುಮಾರು 12 ಚದರಡಿ ಹಿಡಿಯುತ್ತವೆ. ಬಾಡಿಗೆ ತಿಂಗಳಿಗೆ ಚದರಡಿಗೆ 250 ರೂಪಾಯಿ ಬಿದ್ದರೆ ಆ ಜಾಗದ ಬೆಲೆ 3,000 ರೂಪಾಯಿ. ಬಾಡಿಗೆ ಹೇಗೂ ಕೊಡುತ್ತೇವಲ್ಲ ಎಂದು ಕೆಲವರು ಹೇಳಬಹುದು. ನಿಜ, ಆದರೆ ಆ 12 ಚದರಡಿಯಲ್ಲಿ ಇನ್ನೊಂದು ಫ್ರಿಜ್ಜು ನಿಲ್ಲುತ್ತಿತ್ತು, ಅಥವಾ ಪಾರ್ಸೆಲ್ ಕಟ್ಟುವ ಮೇಜು ಬರುತ್ತಿತ್ತು. ನಿಮ್ಮ ನಿಮ್ಮ ಅಂಕಿ ಹಾಕಿ ಲೆಕ್ಕ ಮಾಡಿ. ಗೋಡೌನ್ ಇಲ್ಲದವರಿಗೆ ಸಗಟು ರಿಯಾಯಿತಿ ಎಷ್ಟೋ ಸಲ ಬಾಯಿಮಾತಿನ ಲಾಭವಾಗಿರುತ್ತದೆ. ಸಾಮಾನನ್ನು ಗೋಣಿಯ ಲೆಕ್ಕದಲ್ಲಿ ನೋಡದೆ ದಿನಗಳ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಅಕ್ಕಿ, ಬೇಳೆ ಒಂದು ವಾರದ್ದು, ಎಣ್ಣೆ ನಾಲ್ಕು ದಿನದ್ದು, ತರಕಾರಿ ಎರಡು ದಿನದ್ದು ಎಂದು ಗೊತ್ತುಮಾಡಿಕೊಂಡರೆ ಉಗ್ರಾಣ ಉಸಿರಾಡುತ್ತದೆ.

ಇನ್ನು ರೈಸ್ ಪ್ಲೇಟಿನ ಪಲ್ಯ. ಜಾಗವನ್ನು ಹೆಚ್ಚು ನುಂಗುವುದೂ, ಯೋಜನೆಗೆ ಹೆಚ್ಚು ಬಗ್ಗುವುದೂ ಇದೇ. 80 ಪ್ಲೇಟಿಗೆ ಹೂಕೋಸಿನ ಪಲ್ಯ ಮಾಡಬೇಕಾದರೆ, ತಲೆಗೆ 100 ಗ್ರಾಮಿನಂತೆ 8 ಕಿಲೋ ಹೂವು ಬೇಕು. ಎಲೆ, ದಂಟು ಸೇರಿ ತರುವಾಗ ಅದು 14-15 ಕಿಲೋ ಆಗುತ್ತದೆ, ಅಡುಗೆಮನೆಯ ಒಂದು ಮೂಲೆಯೇ ಹೋಯಿತು. ಅದೇ 80 ಪ್ಲೇಟಿಗೆ ಕಡಲೆ ಉಸಲಾದರೆ 40 ಗ್ರಾಮಿನಂತೆ 3 ಕಿಲೋ 200 ಗ್ರಾಮ್ ಒಣಕಡಲೆ ಸಾಕು. ಒಂದು ಡಬ್ಬದಲ್ಲಿ ಕೂರುತ್ತದೆ, ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಇಮ್ಮಡಿಗೂ ಹೆಚ್ಚು ತೂಗುತ್ತದೆ. ಆದ್ದರಿಂದ ಎರಡು ಪಲ್ಯದ ಊಟದಲ್ಲಿ ಒಂದು ಹಸಿ ತರಕಾರಿಯದ್ದು, ಇನ್ನೊಂದು ಕಡಲೆ, ಹೆಸರು, ಅಲಸಂಡೆ, ಬಟಾಣಿಯಂಥ ಕಾಳಿನದ್ದು ಎಂದು ನಿಯಮ ಮಾಡಿಕೊಂಡರೆ ತರಕಾರಿಯ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

ತರಕಾರಿಯಲ್ಲೂ ಸರದಿ ಇದೆ. ವಾಶಿಯಿಂದಲೋ ದಾದರಿನಿಂದಲೋ ಮಾಲು ಬಂದ ದಿನವೇ ಮೆಂತೆ, ಪಾಲಕ್ ಮುಗಿಯಬೇಕು. ಮರುದಿನ ಬೆಂಡೆ, ಬೀನ್ಸು, ತೊಂಡೆ. ಕ್ಯಾಬೇಜು ಆ ಮೇಲೆ. ಮತ್ತೆ ಮಾಲು ಬರುವ ತನಕ ಬಟಾಟೆ, ಸಿಹಿಕುಂಬಳ. ಮಾರುಕಟ್ಟೆಗೆ ರಜೆ ಇರುವ ದಿನಕ್ಕೆ ಈ ಕೊನೆಯ ಗುಂಪನ್ನು ಕಾದಿಡಬೇಕು. ನೀರುಳ್ಳಿ ಮತ್ತು ಬಟಾಟೆಯನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ, ಬಟಾಟೆ ಬೇಗ ಮೊಳೆಯುತ್ತದೆ. ನಮ್ಮ ಊರಮನೆಗಳಲ್ಲಿ ಮಂಗಳೂರು ಸೌತೆ, ಕುಂಬಳಕಾಯಿಗಳನ್ನು ಹಗ್ಗದಲ್ಲಿ ಮಾಡಿಗೆ ತೂಗುಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ನೆಲದ ಜಾಗ ಉಳಿಯಿತು, ಗಾಳಿಯಾಡಿತು, ಕಾಯಿ ತಿಂಗಳುಗಟ್ಟಲೆ ಕೆಡಲಿಲ್ಲ. ನಮ್ಮಲ್ಲಿ ಎಷ್ಟೋ ಅಡುಗೆಮನೆಗಳಲ್ಲಿ ಆಳೆತ್ತರದ ಮೇಲಿನ ಗೋಡೆ ಬರಿದಾಗಿದ್ದು, ನೆಲದಲ್ಲಿ ಮಾತ್ರ ಕಾಲಿಡಲು ಎಡೆಯಿರುವುದಿಲ್ಲ!

ಹಿಟ್ಟಿನ ವಿಚಾರ ಬೇರೆ. ಇಡ್ಲಿ ಹಿಟ್ಟು ಹುದುಗಿದಾಗ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ರಾತ್ರಿ ಪಾತ್ರೆಯನ್ನು ಅರ್ಧ ಮಾತ್ರ ತುಂಬಿಸಬೇಕು. ಅಂದರೆ ರಾತ್ರಿಯಿಡೀ ಅರ್ಧ ಪಾತ್ರೆ ಗಾಳಿಗೆ ಜಾಗ ಕೊಡುತ್ತದೆ. ಇಡೀ ದಿನದ ಹಿಟ್ಟನ್ನು ಒಂದೇ ಸಲ ರುಬ್ಬುವವರಿಗೆ ಪಾತ್ರೆಯೂ ಎರಡರಷ್ಟು ಬೇಕು, ಹುಳಿ ಏರದಂತೆ ಉಳಿದದ್ದನ್ನಿಡಲು ಫ್ರಿಜ್ಜೂ ಬೇಕು. ಸಂಜೆ ರುಬ್ಬಿದ್ದು ಬೆಳಗಿನ ತಿಂಡಿಗೆ, ಬೆಳಿಗ್ಗೆ ಬೇಗ ರುಬ್ಬಿದ್ದು ಸಂಜೆಯ ತಿಂಡಿಗೆ ಎಂದು ಎರಡು ಪಾಳಿ ಮಾಡಿದರೆ ಅವೇ ಪಾತ್ರೆಗಳು ಎರಡು ಸಲ ಸುತ್ತುತ್ತವೆ. ಇಲ್ಲಿನ ಸೆಕೆಗೆ ಹಗಲಿನಲ್ಲೂ ಹಿಟ್ಟು ಚೆನ್ನಾಗಿಯೇ ಏಳುತ್ತದೆ. ಭಟ್ಟರು ಗೊಣಗಬಹುದು, ಗ್ರೈಂಡರ್ ಎರಡು ಸಲ ತೊಳೆಯುವ ಕೆಲಸ ಹುಡುಗರಿಗೂ ಪ್ರಿಯವಲ್ಲ. ತೆಂಗಿನಕಾಯಿಗೂ ಇದೇ ಮಾತು. ಇಡಿಯ ಕಾಯಿ ವಾರಗಟ್ಟಲೆ ಇರುತ್ತದೆ, ತುರಿದ ಮೇಲೆ ಅದರ ಆಯುಷ್ಯ ತಾಸುಗಳಲ್ಲಿ.

ಕಾರ್ಡನ್ನು ಕತ್ತರಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದೇ ಸಾಮಾನಿನಿಂದ ಎಷ್ಟು ಐಟಂ ಹೊರಡುತ್ತದೆ ಎಂದು ನೋಡಿ. ಉದ್ದಿನ ವಡೆಯ ಹಿಟ್ಟಿನಿಂದ ಸಾಂಬಾರ್ ವಡೆ, ರಸಂ ವಡೆ, ದಹಿ ವಡೆ ಮೂರೂ ಆಗುತ್ತವೆ. ಬೇಯಿಸಿದ ಬಟಾಟೆ ಮಸಾಲೆ ದೋಸೆಗೂ ಪೂರಿಗೂ ಬಟಾಟೆವಡೆಗೂ ಹೋಗುತ್ತದೆ. ಇವು ಜಾಗಕ್ಕೆ ತಕ್ಕ ಬಾಡಿಗೆ ಕೊಡುವ ಸಾಮಾನುಗಳು. ಇದಕ್ಕೆ ವಿರುದ್ಧವಾಗಿ, ವಾರಕ್ಕೆರಡು ಪ್ಲೇಟು ಹೋಗುವ ಒಂದೇ ಐಟಮ್ಮಿಗಾಗಿ ಬೇಬಿ ಕಾರ್ನ್ ಡಬ್ಬ, ಮೂರು ಬಗೆಯ ಸಾಸ್ ಇಟ್ಟುಕೊಳ್ಳುವುದುಂಟು. ಒಂದು ತಿಂಗಳ ಬಿಲ್ಲುಗಳನ್ನು ಇಟ್ಟುಕೊಂಡು, ಬೇರೆ ಯಾವುದಕ್ಕೂ ಬಳಕೆಯಿಲ್ಲದ ಸಾಮಾನನ್ನು ಬೇಡುವ, ಕಡಿಮೆ ಮಾರಾಟದ ಐಟಂಗಳಿಗೆ ಗೆರೆ ಎಳೆಯಿರಿ. ಗಿರಾಕಿ ಕೇಳಿದರೆ? ಹತ್ತರಲ್ಲಿ ಒಂಬತ್ತು ಮಂದಿ ಇನ್ನೊಂದನ್ನು ಹೇಳುತ್ತಾರೆಯೇ ಹೊರತು ಎದ್ದು ಹೋಗುವುದಿಲ್ಲ. ಏಕಾದಶಿ, ಶ್ರಾವಣ, ನವರಾತ್ರಿಯ ಸಾಬುದಾಣೆ ಖಿಚಡಿಯನ್ನು ಮಾತ್ರ ಬಿಡಬೇಡಿ. ಆದರೆ ಸಾಬುದಾಣೆ, ಶೇಂಗಾವನ್ನು ಆಯಾ ದಿನಕ್ಕೆ ತಂದರೆ ಸಾಕು.

ಜಾಗ ಸಾಲದಿದ್ದಾಗ ಮೊದಲು ಏಟು ತಿನ್ನುವುದು ಫ್ರಿಜ್ಜು. ಬಾಗಿಲು ಒತ್ತಿ ಮುಚ್ಚುವಷ್ಟು ತುಂಬಿದ ಫ್ರಿಜ್ಜಿನಲ್ಲಿ ಗಾಳಿ ತಿರುಗುವುದಿಲ್ಲ, ಒಳಗಿನದು ತಣ್ಣಗಾಗುವುದಿಲ್ಲ. 2006ರ ಆಹಾರ ಸುರಕ್ಷತೆ ಕಾಯಿದೆಯಡಿ 2011ರಲ್ಲಿ ಬಂದ ಲೈಸೆನ್ಸಿನ ನಿಯಮಗಳ ಶೆಡ್ಯೂಲ್ 4 ಇದನ್ನೇ ಒತ್ತಿಹೇಳುತ್ತದೆ. ತಣ್ಣಗೆ ಇಡುವುದು 5 ಡಿಗ್ರಿಯೊಳಗೆ, ಬಿಸಿಯಾಗಿ ಇಡುವುದು 60 ಡಿಗ್ರಿಯ ಮೇಲೆ ಇರಬೇಕು. ಹಸಿ ಪದಾರ್ಥ ಕೆಳಗೆ, ಬೆಂದದ್ದು ಮೇಲೆ. ಮೊದಲು ಬಂದದ್ದು ಮೊದಲು ಹೊರಗೆ. ದೊಡ್ಡ ಪಾತ್ರೆಯ ಬಿಸಿ ಗ್ರೇವಿಯನ್ನು ಹಾಗೆಯೇ ಒಳಗಿಟ್ಟರೆ ಅದರ ನಡುಭಾಗ ತಾಸುಗಟ್ಟಲೆ ಬೆಚ್ಚಗಿರುತ್ತದೆ, ಪಕ್ಕದ ಮೊಸರೂ ಕೆಡುತ್ತದೆ. ತಗ್ಗಿನ ಟ್ರೇಗಳಿಗೆ ಸುರಿದು ಆರಿಸಿ ಇಡಬೇಕು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೊರಗೆ ಬಹಳ ಹೊತ್ತು ಉಳಿದ ಅನ್ನದಲ್ಲಿ ಬೆಳೆಯುವ ರೋಗಾಣುವಿನ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಮಧ್ಯಾಹ್ನ ಹೊರಗೆ ಉಳಿದ ಅನ್ನವನ್ನು ರಾತ್ರಿಯ ಫ್ರೈಡ್ ರೈಸಿಗೆ ಹಾಕುವ ಅಭ್ಯಾಸ ಕೆಲವೆಡೆ ಇದೆ, ಅದು ನಿಲ್ಲಲೇಬೇಕು. ಒಬ್ಬ ಗಿರಾಕಿ ಆಸ್ಪತ್ರೆ ಸೇರಿದರೆ ಇಪ್ಪತ್ತು ವರ್ಷದ ಹೆಸರು ಒಂದು ರಾತ್ರಿಯಲ್ಲಿ ಹೋಗುತ್ತದೆ. ಬದಲಿಗೆ ಅಕ್ಕಿಯನ್ನು ಎರಡು ಮೂರು ಸಲ ಸಣ್ಣದಾಗಿ ಬೇಯಿಸಿದರೆ ಉಳಿಯುವುದೂ ಕಡಿಮೆ, ಇಡುವ ಜಾಗವೂ ಬೇಡ.

ಇತ್ತೀಚಿನ ವರ್ಷಗಳಲ್ಲಿ ಸ್ವಿಗ್ಗಿ, ಜೊಮ್ಯಾಟೊ ಆರ್ಡರುಗಳ ಖಾಲಿ ಡಬ್ಬಗಳು ಅಕ್ಕಿಗಿಂತ ಹೆಚ್ಚು ಜಾಗ ಹಿಡಿಯುತ್ತಿವೆ. ಒಂದೇ ಮುಚ್ಚಳ ಹೊಂದುವ ಎರಡು ಅಳತೆ ಇಟ್ಟುಕೊಂಡು ಉಳಿದವನ್ನು ಬಿಡಬಹುದು. ಮಹಾನಗರ್ ಗ್ಯಾಸಿನ ಪೈಪು ಬಂದಿರುವ ಬೀದಿಗಳಲ್ಲಿ ಅದನ್ನು ಹಾಕಿಸಿಕೊಂಡರೆ 19 ಕಿಲೋದ ಸಿಲಿಂಡರುಗಳ ಸಾಲಿನ ಜಾಗವೂ ಬಿಡುವಾಗುತ್ತದೆ.

ಇಷ್ಟೆಲ್ಲ ನಡೆಯುವುದು ರಾತ್ರಿ ಗಲ್ಲಾ ಮುಚ್ಚುವ ಮೊದಲಿನ ಹತ್ತು ನಿಮಿಷದಲ್ಲಿ. "ಭಟ್ರೇ, ಒಳಗೆ ಏನೇನು ಉಂಟು?" ಎಂದು ಕೇಳಿ, ಅವರ ಜತೆ ಕಪಾಟನ್ನು ಕಣ್ಣಾರೆ ನೋಡಿ, ನಾಳೆಯ ಪಲ್ಯ, ಸಾಂಬಾರಿನ ತರಕಾರಿ, ತರಬೇಕಾದ ಸಾಮಾನು ಮೂರನ್ನೂ ಒಂದು ಹಲಗೆಯಲ್ಲಿ ಬರೆದರಾಯಿತು. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ, ಮೂಲೆಯಲ್ಲಿ ಅಡಗಿ ಕೂತ ಅರ್ಧ ಡಬ್ಬ ಫೋನಿಗೆ ಕಾಣುವುದಿಲ್ಲ.

ಮಳೆಗಾಲಕ್ಕೆ ಮಾತ್ರ ಈ ಲೆಕ್ಕ ಸ್ವಲ್ಪ ಸಡಿಲವಾಗಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ದಿನವನ್ನು ಇಲ್ಲಿನವರು ಮರೆಯಲಾರರು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಕ್ಕಿ, ಬೇಳೆ, ಬಟಾಟೆ, ನೀರುಳ್ಳಿ, ಹಾಲಿನ ಪುಡಿಯನ್ನು ಎರಡು ದಿನಕ್ಕೆ ಹೆಚ್ಚಾಗಿ ಇಟ್ಟುಕೊಳ್ಳಿ. ಹಸಿ ತರಕಾರಿಯನ್ನು ಅಷ್ಟೇ ಕಡಿಮೆ ಮಾಡಿ. ನೆಲದಂತಸ್ತಿನ ಹೋಟೆಲಾದರೆ ಗೋಣಿಗಳ ಅಡಿಯ ಹಲಗೆಯನ್ನು ಹಿಂದಿನ ನೀರಿನ ಗುರುತಿಗಿಂತ ಒಂದಡಿ ಎತ್ತರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ.