ಕಾಣದ ಹೆಣ್ಣು ಚಿಟ್ಟೆ: ಪಾಠದ ನಡುವೆ ಒಂದು ತಿದ್ದುಪಡಿ

ಬೋಧನಾಭ್ಯಾಸದ ಅವಧಿಯಲ್ಲಿ ಏಳನೆಯ ತರಗತಿಗೆ ಜೀವಿಗಳ ಆವಾಸ ಕುರಿತು ಪಾಠ ಮಾಡಬೇಕಿತ್ತು. ಉದಾಹರಣೆಗೆ ಆಫ್ರಿಕಾದ ದೈತ್ಯ ಸ್ವಾಲೋಟೇಲ್ ಚಿಟ್ಟೆಯನ್ನು ಆರಿಸಿಕೊಂಡೆ. 1782ರಲ್ಲಿ ಇಂಗ್ಲೆಂಡಿನ ಡ್ರೂ ಡ್ರೂರಿ ಮೊದಲು ವರ್ಣಿಸಿದ ಇದರ ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಆಂಟಿಮಾಕಸ್.

ಚಿತ್ರ ತೋರಿಸಿದೆ. ಕಿತ್ತಳೆ-ಕಂದು ರೆಕ್ಕೆ, ಅದರ ಮೇಲೆ ಕಪ್ಪು ಗುರುತುಗಳು. ಮುಂದಿನ ರೆಕ್ಕೆ ಕಿರಿದಾಗಿ ಉದ್ದಕ್ಕೆ ಚಾಚಿದೆ. ಸ್ವಾಲೋಟೇಲ್ ಗುಂಪಿಗೆ ಸೇರಿದರೂ ಇದಕ್ಕೆ ಬಾಲವಿಲ್ಲ. ಆದರೆ ಚಿತ್ರದಿಂದ ಗಾತ್ರ ತಿಳಿಯಲಿಲ್ಲ. ಆಗ 23 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕತ್ತರಿಸಿ ಕೊಟ್ಟೆ. ಬಿಚ್ಚಿದ ರೆಕ್ಕೆಗಳ ಅಗಲ 18ರಿಂದ 23 ಸೆಂ.ಮೀ. ಇರುತ್ತದೆ. ಮಕ್ಕಳು ಗೇಣು ಹಾಕಿ ನೋಡಿ, "ನಮ್ಮ ಗೇಣಿಗಿಂತ ದೊಡ್ಡದು!" ಎಂದರು. ಆಫ್ರಿಕಾದ ಅತಿ ದೊಡ್ಡ ಚಿಟ್ಟೆ ಇದೇ.

ಆಫ್ರಿಕಾ ಎಂದೊಡನೆ ಮಕ್ಕಳಿಗೆ ನೆನಪಾದದ್ದು ಮರಳುಗಾಡು ಮತ್ತು ಸಿಂಹ. ಭೂಪಟದಲ್ಲಿ ಸಿಯೆರಾ ಲಿಯೋನ್, ಘಾನಾ, ಕ್ಯಾಮರೂನ್, ಕಾಂಗೋ, ಉಗಾಂಡಗಳನ್ನು ತೋರಿಸಿ, ಈ ಚಿಟ್ಟೆ ಇರುವುದು ಅಲ್ಲಿನ ದಟ್ಟ ಮಳೆಕಾಡುಗಳಲ್ಲಿ ಎಂದು ವಿವರಿಸಿದೆ.

ಅಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಚಿತ್ರದಲ್ಲಿರೋದು ಗಂಡು ಅಂದ್ರಿ. ಹೆಣ್ಣು ಎಲ್ಲಿ?" ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. "ಹೆಣ್ಣು ಚಿಟ್ಟೆಗಳ ಸಂಖ್ಯೆ ಬಹಳ ಕಡಿಮೆ" ಎಂದುಬಿಟ್ಟೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಅಧ್ಯಾಪಕರು ನನ್ನ ಮಾತನ್ನು ಗುರುತು ಹಾಕಿಕೊಂಡರು. ತರಗತಿ ಮುಗಿದ ಮೇಲೆ, "ಕಡಿಮೆ ಇವೆಯೋ, ಕಡಿಮೆ ಕಾಣುತ್ತವೆಯೋ?" ಎಂದಷ್ಟೇ ಕೇಳಿದರು.

ಆ ಸಂಜೆ ಓದಿದಾಗ ತಪ್ಪು ತಿಳಿಯಿತು. ಗಂಡುಗಳು ಲವಣ ಹೀರಲು ತೊರೆಯ ಅಂಚಿನ ಒದ್ದೆ ಮಣ್ಣಿಗೆ ಇಳಿಯುತ್ತವೆ. ಆದ್ದರಿಂದ ಜನರ ಕಣ್ಣಿಗೆ ಬೀಳುತ್ತವೆ. ಹೆಣ್ಣುಗಳು ಬಹುಮಟ್ಟಿಗೆ ಎತ್ತರದ ಮರಗಳ ತಲೆಯಲ್ಲೇ ಉಳಿಯುತ್ತವೆ. ನೆಲದಲ್ಲಿ ನಿಂತು ಎಣಿಸುವವನಿಗೆ ಅವು ಸಿಗುವುದಿಲ್ಲ.

ಮರುದಿನ ಮೊದಲು ನನ್ನ ಮಾತನ್ನು ತಿದ್ದಿಕೊಂಡೆ. ಕಪ್ಪುಹಲಗೆಯ ಮೇಲೆ ಒಂದು ಎತ್ತರದ ಮರ, ಬುಡದಲ್ಲಿ ತೊರೆ ಬರೆದು, ಗಂಡು-ಹೆಣ್ಣುಗಳ ಜಾಗ ಗುರುತಿಸಲು ಹೇಳಿದೆ. ಅದೇ ಹುಡುಗಿ ಮರದ ತುದಿಯಲ್ಲಿ ಹೆಣ್ಣನ್ನು ಬರೆದು, "ಹಾಗಾದ್ರೆ ದೊಡ್ಡ ಮರ ಕಡಿದ್ರೆ ಇವು ಎಲ್ಲಿಗೆ ಹೋಗ್ತವೆ?" ಎಂದಳು. ಆವಾಸ ಎಂಬ ಪದದ ಅರ್ಥವನ್ನು ನನ್ನ ವ್ಯಾಖ್ಯೆಗಿಂತ ಆ ಪ್ರಶ್ನೆಯೇ ಚೆನ್ನಾಗಿ ಹೇಳಿತು.