ಸಕ್ರಿಯ ಸ್ತರಭಂಗಗಳು ಮತ್ತು ಬಿಸಿನೀರಿನ ಬುಗ್ಗೆಗಳು

ಭೂಮಿಯ ಹೊರಪದರದ ಶಿಲೆಗಳು ಒಡೆದು, ಒಡಕಿನ ಎರಡು ಬದಿಗಳು ಒಂದಕ್ಕೊಂದು ಸರಿದಿರುವ ರಚನೆಯನ್ನು '''ಸ್ತರಭಂಗ''' ಎನ್ನುತ್ತಾರೆ. ಈಚಿನ ಭೂವೈಜ್ಞಾನಿಕ ಕಾಲದಲ್ಲಿ ಸರಿದಿರುವ, ಮುಂದೆಯೂ ಸರಿಯಬಹುದಾದ ಸ್ತರಭಂಗವು '''ಸಕ್ರಿಯ ಸ್ತರಭಂಗ'''. ಇಂತಹ ಒಡಕುಗಳು ಅಂತರ್ಜಲದ ಹಾದಿಯನ್ನೂ ಉಷ್ಣತೆಯನ್ನೂ ಅದರಲ್ಲಿ ಕರಗಿರುವ ಖನಿಜಗಳನ್ನೂ ಬದಲಿಸುತ್ತವೆ.

== ನೀರು ಬಿಸಿಯಾಗುವ ಬಗೆ ==

ಬಿಸಿನೀರಿನ ಬುಗ್ಗೆ ಕಂಡಲ್ಲೆಲ್ಲ ಕೆಳಗೆ ಜ್ವಾಲಾಮುಖಿ ಇರಬೇಕೆಂಬ ನಂಬಿಕೆ ವ್ಯಾಪಕವಾಗಿದೆ, ಇದು ಸರಿಯಲ್ಲ. ಆಳಕ್ಕೆ ಹೋದಂತೆ ಶಿಲೆಯ ಉಷ್ಣತೆ ತಾನಾಗಿಯೇ ಏರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು; ಅಂದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿಯ ಏರಿಕೆ. ಹಲವು ಪ್ರದೇಶಗಳಲ್ಲಿ ಈ ಏರಿಕೆ 25ರಿಂದ 30 ಡಿಗ್ರಿಯಷ್ಟಿರುತ್ತದೆ. ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿ ಕಾದು, ತಣ್ಣಗಾಗುವ ಮೊದಲೇ ಮೇಲೇರಲು ಹಾದಿ ಸಿಕ್ಕಿದರೆ ಬಿಸಿಬುಗ್ಗೆ ಹುಟ್ಟುತ್ತದೆ. ಆ ಹಾದಿಯನ್ನು ಸಾಮಾನ್ಯವಾಗಿ ಒದಗಿಸುವುದು ಸ್ತರಭಂಗ.

ಕಾದ ನೀರು ಶಿಲೆಯಿಂದ ಸಿಲಿಕಾ, ಸೋಡಿಯಂ, ಫ್ಲೋರೈಡ್ ಮುಂತಾದವನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ಮೇಲೇರುತ್ತ ತಣಿದಾಗ ಅವುಗಳಲ್ಲಿ ಕೆಲವು ಬಿರುಕಿನ ಗೋಡೆಗೆ ಅಂಟಿಕೊಳ್ಳುತ್ತವೆ. ಬಚ್ಚಲ ಮನೆಯ ಹಂಡೆಯೊಳಗೆ ಗಡಸುನೀರಿನ ಬಿಳಿ ಪದರ ಕಟ್ಟುವಂತೆ. ಹೀಗೆ ಹಾದಿ ಕ್ರಮೇಣ ಮುಚ್ಚಿಹೋಗುತ್ತದೆ. ಸಕ್ರಿಯ ಸ್ತರಭಂಗದ ವಿಶೇಷವಿರುವುದು ಇಲ್ಲಿಯೇ: ಪ್ರತಿಯೊಂದು ಸರಿತವೂ ಮುಚ್ಚಿದ ಬಿರುಕನ್ನು ಮತ್ತೆ ತೆರೆಯಬಲ್ಲದು. ಆದರೆ ಸ್ತರಭಂಗವು ಯಾವಾಗಲೂ ನಾಲೆಯಲ್ಲ. ಉಜ್ಜಾಟದಿಂದ ನುಣ್ಣಗಾದ ಜೇಡಿಯಂಥ ಪುಡಿ ಅದರ ನಡುವೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಪಕ್ಕದ ಒಡೆದ ಬಂಡೆಯಲ್ಲಿ ನೀರು ಉದ್ದಕ್ಕೆ ಹರಿಯುತ್ತದೆ, ಅಡ್ಡಲಾಗಿ ದಾಟಲಾರದು.

== ಬೆಂದ್ರು ತೀರ್ಥ ==

ಕರ್ನಾಟಕದ ಪ್ರಸಿದ್ಧ ಬಿಸಿನೀರಿನ ಬುಗ್ಗೆ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಇಲ್ಲಿನ ನೀರು ಹೆಚ್ಚುಕಡಿಮೆ ಮೈಬಿಸಿಯಷ್ಟು ಬೆಚ್ಚಗಿದ್ದು ಗಂಧಕದ ವಾಸನೆಯನ್ನು ಹೊಂದಿದೆ. ಕರಾವಳಿಯ ಸಾಮಾನ್ಯ ಬಾವಿಯ ನೀರಿಗಿಂತ ಇದು ಸುಮಾರು 10 ಡಿಗ್ರಿ ಹೆಚ್ಚು ಬಿಸಿ. ಕೋಲಾರದ ಲೆಕ್ಕವನ್ನೇ ಹಿಡಿದರೆ ಈ ನೀರು ಒಂದು ಕಿಲೋಮೀಟರಿನ ಹತ್ತಿರದ ಆಳವನ್ನು ಮುಟ್ಟಿ ಬಂದಿರಬೇಕು. ಇದು ಒರಟು ಅಂದಾಜು ಮಾತ್ರ. ಕರಾವಳಿಯಲ್ಲಿ ಉಷ್ಣತೆಯ ಏರಿಕೆ ಬೇರೆಯಾಗಿರಬಹುದು, ದಾರಿಯಲ್ಲಿ ತಣ್ಣೀರೂ ಬೆರೆಯುತ್ತದೆ.

ಉತ್ತರಕ್ಕೆ ಕೊಂಕಣದಲ್ಲಿ ವಜ್ರೇಶ್ವರಿ, ಗಣೇಶಪುರಿಯಿಂದ ರಾಜಾಪುರದವರೆಗೆ ಇಂತಹ ಬುಗ್ಗೆಗಳು ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಸಾಲಾಗಿ ಹಬ್ಬಿವೆ. ಈ ಸಾಲು ಕರಾವಳಿಗೆ ಸಮಾನಾಂತರವಾದ ಒಡಕುಗಳನ್ನು ಅನುಸರಿಸುತ್ತದೆ.

== ಭೂಕಂಪ ಮತ್ತು ಅಂತರ್ಜಲ ==

ಶಿಲೆ ಹಿಂಡಲ್ಪಟ್ಟಾಗ ಅದರೊಳಗಿನ ನೀರಿನ ಒತ್ತಡ ಏರುತ್ತದೆ, ಸಡಿಲಾದಾಗ ಇಳಿಯುತ್ತದೆ. 1967ರ ಡಿಸೆಂಬರಿನಲ್ಲಿ ಪ್ರಬಲ ಭೂಕಂಪ ಕಂಡ ಕೊಯ್ನಾ ಪ್ರದೇಶದಲ್ಲಿ ಕೊಳವೆಬಾವಿಗಳ ನೀರಿನ ಮಟ್ಟವನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಅಳೆಯುತ್ತ ಬಂದಿರುವುದು ಇದೇ ಕಾರಣಕ್ಕೆ. ಜಪಾನಿನ ಕೋಬೆಯಲ್ಲಿ 1995ರ ಜನವರಿ 17ರಂದು ಭೂಕಂಪವಾದ ಬಳಿಕ, ಅದಕ್ಕೂ ಮುಂಚೆ ಬಾಟಲಿಗಳಲ್ಲಿ ತುಂಬಿಟ್ಟಿದ್ದ ಅಲ್ಲಿನ ಖನಿಜಜಲವನ್ನು ತಿಂಗಳುಗಳ ಕ್ರಮದಲ್ಲಿ ಪರೀಕ್ಷಿಸಲಾಯಿತು. ಕಂಪನದ ಹಿಂದಿನ ತಿಂಗಳುಗಳಲ್ಲಿಯೇ ಕ್ಲೋರೈಡ್ ಏರಿದ್ದುದು ಕಂಡುಬಂತು. ಅಂಗಡಿಯಲ್ಲಿ ಉಳಿದ ಬಾಟಲಿಗಳು ದಾಖಲೆಯಾದದ್ದು ವಿಜ್ಞಾನದ ಇತಿಹಾಸದಲ್ಲಿ ಸ್ವಾರಸ್ಯದ ಸಂಗತಿ. ಆದರೂ ಇಂತಹ ಏರಿಳಿತವನ್ನು ನೋಡಿ ಭೂಕಂಪವನ್ನು ಮುನ್ಸೂಚಿಸುವ ನಂಬಲರ್ಹ ವಿಧಾನ ರೂಪುಗೊಂಡಿಲ್ಲ; ಮಳೆ ಮತ್ತು ಪಂಪುಗಳಿಂದಲೂ ಅಂತರ್ಜಲ ಬದಲಾಗುತ್ತದೆ.

== ಬೆಂಗಳೂರಿನ ಸಂದರ್ಭ ==

ಚಂದ್ರಾ ಲೇಔಟ್, ವಿಜಯನಗರ ಮೊದಲಾದ ಬಡಾವಣೆಗಳ ಕೊಳವೆಬಾವಿಗಳು ಗಟ್ಟಿ ನೈಸ್ ಶಿಲೆಯ ಬಿರುಕುಗಳಿಂದಲೇ ನೀರೆಳೆಯುತ್ತವೆ. ಒಂದು ನಿವೇಶನದಲ್ಲಿ ನೀರು ಸಿಕ್ಕಿ ಪಕ್ಕದ್ದರಲ್ಲಿ ಬರಿಯ ಕಲ್ಲುಪುಡಿ ಬರುವುದು ಇದರಿಂದ. ಆದರೆ ಬಿರುಕೆಲ್ಲ ಸಕ್ರಿಯ ಸ್ತರಭಂಗವಲ್ಲ. ಆಳದ ಬಾವಿಯ ನೀರು ಮುಟ್ಟಿದರೆ ಉಗುರುಬೆಚ್ಚಗಿರುವುದು ಮೇಲೆ ಹೇಳಿದ ಸಹಜ ಉಷ್ಣತೆಯಿಂದಲೇ. ಅದನ್ನು ಬಿಸಿಬುಗ್ಗೆಯೆಂದು ಕರೆಯಲಾಗದು.

== ಬಳಕೆ ಮತ್ತು ಅಪಾಯ ==

ಖನಿಜಯುಕ್ತವೆಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಾಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಬಿಸಿಬುಗ್ಗೆಯ ನೀರು ಇದನ್ನು ಮೀರುವುದುಂಟು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ.

ಬುಗ್ಗೆಗೂ ಅಪಾಯವಿದೆ. ಅದೇ ಬಿರುಕನ್ನು ಸಂಧಿಸುವ ಕೊಳವೆಬಾವಿಯನ್ನು ಸಮೀಪದಲ್ಲಿ ಕೊರೆದರೆ ಒತ್ತಡ ಕುಸಿದು ಬುಗ್ಗೆ ಬತ್ತಬಹುದು, ಇಲ್ಲವೇ ಮೇಲ್ಪದರದ ತಣ್ಣೀರು ನುಗ್ಗಿ ಬಿಸಿ ಕಳೆದುಕೊಳ್ಳಬಹುದು. ಇಂತಹ ಬದಲಾವಣೆಯನ್ನು ಗುರುತಿಸಲು ಬೇಸಿಗೆಯ ಕೊನೆಯಲ್ಲಿ ಮತ್ತು ಮಳೆಗಾಲದಲ್ಲಿ, ಪ್ರತಿವರ್ಷ ಒಂದೇ ಜಾಗದಲ್ಲಿ, ಉಷ್ಣತೆ, ಹರಿವು ಮತ್ತು ಕ್ಲೋರೈಡನ್ನು ಒಟ್ಟಿಗೆ ಅಳೆಯುತ್ತಾರೆ.